ಅಪ್ಪನನ್ನು ಕರೆದುಕೊಂಡು ಹೋಗಬೇಕು, ನಮ್ಮ ದೇಶದಲ್ಲಿ ಯಾವ ಕ್ರೀಡಾಂಗಣ ಒಳ್ಳೆಯದು?

ಪಡಸಾಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈಗ 69. ಹುಡುಗನಾಗಿದ್ದಾಗ ಊರಿನ ತಂಡದಲ್ಲಿ ವಾಲಿಬಾಲ್ ಆಡುತ್ತಿದ್ದರು, ಆಮೇಲೆ ರೇಡಿಯೋ ಕಾಮೆಂಟರಿ, ಈಗ ಟಿವಿ. ಇಷ್ಟು ವರ್ಷದಲ್ಲಿ ಒಂದು ಸಲವೂ ದೊಡ್ಡ ಸ್ಟೇಡಿಯಂ ಒಳಗೆ ಕಾಲಿಟ್ಟವರಲ್ಲ. ಈ ವರ್ಷ ಕರೆದುಕೊಂಡು ಹೋಗಲೇಬೇಕು ಅಂತ ಇದ್ದೇನೆ.

ಅವರ ಬಾಯಲ್ಲಿ ಬರುವುದು ಒಂದೇ ಹೆಸರು, ಅಹಮದಾಬಾದಿನ ಮೊಟೇರಾ. ಪ್ರಪಂಚದಲ್ಲೇ ದೊಡ್ಡದು ಅಲ್ವಾ, ಅದನ್ನೇ ನೋಡೋಣ ಅಂತಾರೆ. ನನಗೆ ಅವರ ಮಂಡಿನೋವಿನ ಚಿಂತೆ. ಜೊತೆಗೆ ಮೊನ್ನೆ ಊಟಕ್ಕೆ ಕೂತಾಗ ಕೇಳಿದರು, ಒಳಾಂಗಣದಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದಪ್ಪಾ ಅಂತ. ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿದವರು ಹೇಳಿ.

ಲಾಂಗ್‌ಆನ್ ಉತ್ತರ:

ಮೊಟೇರಾಕ್ಕೆ, ಅಂದರೆ ಈಗಿನ ನರೇಂದ್ರ ಮೋದಿ ಕ್ರೀಡಾಂಗಣಕ್ಕೆ, ನಾನು ಹೋಗಿದ್ದೇನೆ. ಮೆಟ್ಟಿಲು ಹತ್ತಿ ಆ ಹಸಿರು ಮೊದಲ ಸಲ ಕಣ್ಣಿಗೆ ಬಿದ್ದಾಗ ಮೈ ಜುಂ ಅಂದದ್ದು ನಿಜ. 1,32,000 ಜನ ಕೂರುವ ಜಾಗ. ಹಳೆಯದನ್ನು ಕೆಡವಿ ಕಟ್ಟಿ 2020ರಲ್ಲಿ ತೆರೆದರು. ದೀಪದ ಕಂಬಗಳೇ ಇಲ್ಲ, ಚಾವಣಿಯ ಅಂಚಿನ ಸುತ್ತ ಎಲ್‌ಇಡಿ ದೀಪಗಳನ್ನು ಬಳೆಯ ಹಾಗೆ ಕೂರಿಸಿದ್ದಾರೆ. ಹಾಗಾಗಿ ಆಟಗಾರನ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಕಪ್ಪು ನೆರಳು ಬೀಳುವುದಿಲ್ಲ. ನಡುವೆ 11 ಪಿಚ್ ಇವೆ, ಕೆಲವು ಕೆಂಪು ಮಣ್ಣಿನವು, ಕೆಲವು ಕಪ್ಪು ಮಣ್ಣಿನವು. ಕೆಂಪು ಮಣ್ಣಿನ ಮೇಲೆ ಚೆಂಡು ಚೆನ್ನಾಗಿ ಎಗರುತ್ತದೆ, ಕಪ್ಪು ಮಣ್ಣಿನ ಮೇಲೆ ತಗ್ಗಿ ನಿಧಾನಕ್ಕೆ ಬರುತ್ತದೆ.

ಆದರೆ ಆಟ ನೋಡುವುದಕ್ಕೆ? ಮೇಲಿನ ಅಂತಸ್ತಿನಲ್ಲಿ ಕೂತರೆ ಚೆಂಡು ಕಾಣುವುದೇ ಕಷ್ಟ, ಫೀಲ್ಡರ್ ಯಾವ ಕಡೆ ಓಡಿದ ಅಂತ ನೋಡಿ ಶಾಟ್ ಯಾವುದು ಅಂತ ಊಹಿಸಿಕೊಳ್ಳಬೇಕು. ನಡೆಯುವುದೂ ಜಾಸ್ತಿ. ಕ್ರಿಕೆಟ್ಟೇ ಬೇಕು ಅಂದರೆ ನನ್ನ ಮತ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ಗೆ. 1864ರಿಂದ ಇರುವ ಮೈದಾನ. 1987ರಲ್ಲಿ ಆಸ್ಟ್ರೇಲಿಯಾ 7 ರನ್‌ನಿಂದ ವಿಶ್ವಕಪ್ ಗೆದ್ದದ್ದು ಅಲ್ಲೇ. 2001ರಲ್ಲಿ ಲಕ್ಷ್ಮಣ್ 281, ನಮ್ಮ ದ್ರಾವಿಡ್ 180. ಇಬ್ಬರೂ ಒಂದು ಇಡೀ ದಿನ ಔಟಾಗದೆ ಆಡಿದರಲ್ಲ, ಅಪ್ಪ ಅದನ್ನು ಖಂಡಿತ ಮರೆತಿರುವುದಿಲ್ಲ. ಟಿಕೆಟ್ ಸಿಕ್ಕರೆ ಬೌಲರ್ ಬೆನ್ನ ಹಿಂದಿನ ಸ್ಟ್ಯಾಂಡ್ ತೆಗೆದುಕೊಳ್ಳಿ, ಚೆಂಡು ಹೊರಳುವುದು ಅಲ್ಲಿಂದಲೇ ಕಾಣುವುದು.

ಗೋಲ್‌ಪೋಸ್ಟ್ ಉತ್ತರ:

ದೊಡ್ಡದು ಅಂದ ತಕ್ಷಣ ಎಲ್ಲರೂ ಕ್ರಿಕೆಟ್ ಅಂತೀರಿ. ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸುಮಾರು 1,31,000 ಜನ ಸೇರಿದ್ದರು. ಈಸ್ಟ್ ಬೆಂಗಾಲ್ 4, ಮೋಹನ್ ಬಗಾನ್ 1, ಬೈಚುಂಗ್ ಭುಟಿಯಾ ಹ್ಯಾಟ್ರಿಕ್. ಆಗ ಬರೀ ಕಾಂಕ್ರೀಟ್ ಮೆಟ್ಟಿಲು, ಒತ್ತಿಕೊಂಡು ಕೂರಬಹುದಿತ್ತು. 2017ರ 17 ವರ್ಷದೊಳಗಿನವರ ವಿಶ್ವಕಪ್‌ಗೆ ಅಂತ ಎಲ್ಲ ಕಡೆ ಬಿಡಿ ಸೀಟು ಹಾಕಿದ ಮೇಲೆ ಜನ ಹಿಡಿಯುವುದು ಕಡಿಮೆಯಾಯಿತು. ಒಳ್ಳೆಯದೇ ಆಯಿತು. ಆದರೆ ಒಂದು ಕೊರತೆ ಹೇಳಲೇಬೇಕು, ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಅದು ಆಟವನ್ನು ನಮ್ಮಿಂದ ದೂರ ತಳ್ಳುತ್ತದೆ. ಬೆಂಗಳೂರಿನ ಕಂಠೀರವದಲ್ಲೂ ಇದೇ ಕಥೆ.

ಸಿಂಥೆಟಿಕ್ ಉತ್ತರ:

ಅಪ್ಪನ ಪ್ರಶ್ನೆಗೆ ಮೊದಲು ಉತ್ತರ: ಒಳಾಂಗಣದಲ್ಲಿ ದೊಡ್ಡದು ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣ. 14,000ಕ್ಕೂ ಜಾಸ್ತಿ ಸೀಟು. 1982ರ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಿದ್ದು. ಅದೇ ಆವರಣದ ಕೆ. ಡಿ. ಜಾಧವ್ ಹಾಲ್‌ನಲ್ಲಿ 2018ರಲ್ಲಿ ಮೇರಿ ಕೋಮ್ ಆರನೇ ವಿಶ್ವ ಚಿನ್ನ ಗೆದ್ದರು. ಕೋಲ್ಕತ್ತಾದ ನೇತಾಜಿ ಒಳಾಂಗಣ ಇನ್ನೂ ಹಳೆಯದು, 1975ರ ವಿಶ್ವ ಟೇಬಲ್ ಟೆನ್ನಿಸ್‌ಗೆ ಆದದ್ದು. ಈ ಎರಡೂ ದೊಡ್ಡ ಒಳಾಂಗಣಗಳು ನಲವತ್ತು, ಐವತ್ತು ವರ್ಷ ಹಿಂದಿನವು ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ಸಂಗತಿ. ನಡುವೆ ಒಂದೂ ಕಂಬ ಇಲ್ಲದೆ ಅಷ್ಟಗಲದ ಚಾವಣಿ ನಿಲ್ಲಿಸುವುದಕ್ಕೆ ಖರ್ಚು ಬಹಳ, ಕಟ್ಟಿದ ಮೇಲೆ ವರ್ಷಪೂರ್ತಿ ಆಟ ನಡೆಯಬೇಕು, ಇಲ್ಲದಿದ್ದರೆ ಮದುವೆ, ಸಮಾವೇಶಕ್ಕೆ ಬಾಡಿಗೆಗೆ ಹೋಗುತ್ತದೆ.

ಒಳಾಂಗಣದಲ್ಲಿ ಕೂತು ನೋಡುವ ಸುಖವೇ ಬೇರೆ ರೀ. ಕಂಠೀರವ ಒಳಾಂಗಣ ಚಿಕ್ಕದು, ನಾಲ್ಕು ಸಾವಿರದಷ್ಟು ಸೀಟು. ಅಲ್ಲಿ ಕಬಡ್ಡಿ ನೋಡುವಾಗ ರೈಡರ್‌ನನ್ನು ಕೆಡವಿದ ಸದ್ದು, ಮ್ಯಾಟ್ ಮೇಲೆ ಅಂಗೈ ಬಡಿದದ್ದು, ಎಲ್ಲ ಕಿವಿಗೆ ಬೀಳುತ್ತದೆ. ಬ್ಯಾಡ್ಮಿಂಟನ್ ಇನ್ನೂ ಸೂಕ್ಷ್ಮ. ಶಟಲ್ ತೂಕ ಹೆಚ್ಚೂಕಡಿಮೆ 5 ಗ್ರಾಂ. ಎಸಿ ಗಾಳಿ ಒಂದು ಕಡೆಯಿಂದ ಬೀಸಿದರೂ ಸಾಕು, ಒಂದು ಬದಿಯವನ ಹೊಡೆತ ಗೆರೆ ದಾಟುತ್ತದೆ, ಇನ್ನೊಂದು ಬದಿಯವನದ್ದು ಒಳಗೇ ಬೀಳುತ್ತದೆ. ಆಟಗಾರರು ಮೊದಲ ಕೆಲವು ಪಾಯಿಂಟ್‌ನಲ್ಲಿ ಅದನ್ನೇ ಅಳೆಯುತ್ತಿರುತ್ತಾರೆ. ಟಿವಿಯಲ್ಲಿ ಇದು ಗೊತ್ತೇ ಆಗಲ್ಲ.

ಅಪ್ಪ ವಾಲಿಬಾಲ್ ಆಡಿದವರು ಅಂದಿರಲ್ಲ, ಮತ್ತೆ ಯಾಕೆ ಎಲ್ಲರೂ ಬೇರೆ ಆಟಕ್ಕೆ ಕಳಿಸುತ್ತಿದ್ದೀರಿ? ಹೈದರಾಬಾದಿನ ಗಚ್ಚಿಬೌಲಿ ಒಳಾಂಗಣಕ್ಕೆ ಕರೆದುಕೊಂಡು ಹೋಗಿ. 2009ರ ವಿಶ್ವ ಬ್ಯಾಡ್ಮಿಂಟನ್ ಅಲ್ಲೇ ಆಗಿತ್ತು. 2025ರ ಪ್ರೈಮ್ ವಾಲಿಬಾಲ್ ಲೀಗ್ ಪೂರ್ತಿ ಅಲ್ಲೇ ನಡೆಯಿತು, ಬೆಂಗಳೂರು ಟಾರ್ಪಿಡೋಸ್ ಗೆದ್ದರು. ಮುಂದಿನ ಸಲ ಎಲ್ಲಿ ಅಂತ ವೇಳಾಪಟ್ಟಿ ನೋಡಿಕೊಂಡು ಹೊರಡಿ.

ನೀಲಿಟರ್ಫ್ ಉತ್ತರ:

ಹಾಕಿ ಬಿಟ್ಟೇಬಿಟ್ಟಿರಿ. ಒಡಿಶಾದ ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ಇದೆ, 20,000ಕ್ಕೂ ಜಾಸ್ತಿ ಸೀಟು, 2023ರ ವಿಶ್ವಕಪ್‌ಗೆ ಕಟ್ಟಿದ್ದು. ಟ್ರ್ಯಾಕ್ ಇಲ್ಲ, ಗ್ಯಾಲರಿ ಕಡಿದಾಗಿ ಮೇಲೇರುತ್ತದೆ, ಮೈದಾನ ಕೈಗೆ ಸಿಗುವಷ್ಟು ಹತ್ತಿರ. ದಿಲೀಪ್ ಟಿರ್ಕಿ, ಅಮಿತ್ ರೋಹಿದಾಸ್ ಹುಟ್ಟಿದ ಸುಂದರ್‌ಗಢ ಜಿಲ್ಲೆಯೇ ಅದು. ಅಲ್ಲಿನ ಜನಕ್ಕೆ ಆಟ ಗೊತ್ತು, ಪೆನಾಲ್ಟಿ ಕಾರ್ನರ್ ಸಿಕ್ಕಾಗ ಏಳುವ ಗದ್ದಲವನ್ನು ಒಮ್ಮೆ ಕೇಳಿ ನೋಡಿ.

ಕೊನೆಗೇಟು ಉತ್ತರ:

ನನ್ನದು ಬೇರೆ ಮಾತು. ವಯಸ್ಸಾದವರ ಜೊತೆ ಹೋಗುವಾಗ ಎಷ್ಟು ಸೀಟು ಅಂತ ನೋಡಬೇಡಿ, ಒಳಗೆ ಹೋಗುವುದು ಹೇಗೆ, ಹೊರಗೆ ಬರುವುದು ಹೇಗೆ ಅಂತ ನೋಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ಅವತ್ತು ಒಳಗೆ ಪಂದ್ಯವೇ ಇರಲಿಲ್ಲ, ಗೆದ್ದ ತಂಡವನ್ನು ನೋಡಲು ಬಂದ ಜನ. ನಾನು ಚಿನ್ನಸ್ವಾಮಿಯನ್ನು ತುಂಬಾ ಪ್ರೀತಿಸುವವನು. ಮಳೆ ನಿಂತ ಮೇಲೆ ನೆಲದಡಿಯ ಕೊಳವೆಗಳು ಹುಲ್ಲಿನ ನೀರು ಎಳೆದುಕೊಳ್ಳುವ ಸಬ್‌ಏರ್ ವ್ಯವಸ್ಥೆ ಕ್ರಿಕೆಟ್‌ಗೆ ಮೊದಲು ಬಂದದ್ದೇ ಅಲ್ಲಿ, 2017ರಲ್ಲಿ. ಮೈದಾನ ಒಣಗಿಸುವುದಕ್ಕೆ ಅಷ್ಟು ತಲೆ ಓಡಿಸಿದವರು ನಾವು, ಗೇಟಿನ ಹತ್ತಿರ ಜನ ಉಸಿರಾಡುವ ಜಾಗಕ್ಕೂ ಅಷ್ಟೇ ತಲೆ ಓಡಿಸಬೇಕಿತ್ತು.

ಅಪ್ಪನ ಜೊತೆ ಒಂದೂವರೆ ಗಂಟೆ ಮೊದಲೇ ಹೋಗಿ. ಕೆಳಗಿನ ಸಾಲಿನ ಸೀಟು, ಸಾಲಿನ ಅಂಚಿನದ್ದು ತೆಗೆದುಕೊಳ್ಳಿ. ಆಟ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಒಂದು ಕಡೆ ನಾನು ಅಮ್ಮನನ್ನು ಕರೆದುಕೊಂಡು ಹೋದಾಗ ಎಲ್ಲರೂ ಒಂದೇ ಮೆಟ್ಟಿಲಿಗೆ ನುಗ್ಗಿದರು, ಕಂಬಿ ಹಿಡಿದುಕೊಂಡ ಅವರ ಕೈ ಬಿಡಿಸುವುದಕ್ಕೇ ಆಗಲಿಲ್ಲ.

ಪಡಸಾಲೆ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆ ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ. ಮೊಟೇರಾದ ದೀಪದ ವಿಷಯ ಎರಡು ಸಲ ಕೇಳಿಸಿಕೊಂಡರು. ವಾಲಿಬಾಲ್ ಅಂದ ಕೂಡಲೇ ಕುರ್ಚಿಯಲ್ಲಿ ಮುಂದಕ್ಕೆ ಬಂದು, ನೆಟ್ ಎತ್ತರ ಈಗಲೂ ಅಷ್ಟೇ ಇದೆಯಾ ಅಂತ ಕೇಳಿದರು. 2.43 ಮೀಟರ್ ಅಂದೆ. ಹಾಂ ಅಷ್ಟೇ ಅಂದರು, ಕೈ ಮೇಲೆತ್ತಿ ತೋರಿಸಿದರು. ಇನ್ನೇನು ಬೇಕು, ಗಚ್ಚಿಬೌಲಿಯೇ ಆಗಲಿ, ಬೇರೆಯೇ ಆಗಲಿ, ವಾಲಿಬಾಲೇ. ಒಂದು ಹೇಳಿ ಸಿಂಥೆಟಿಕ್, ನೆಟ್‌ನ ನೇರಕ್ಕೆ ಕೂರೋದಾ, ಕೊನೆಗೆರೆಯ ಹಿಂದಾ?

ಸಿಂಥೆಟಿಕ್ ಉತ್ತರ:

ಕೊನೆಗೆರೆಯ ಹಿಂದೆ, ನಾಲ್ಕೈದು ಮೆಟ್ಟಿಲು ಮೇಲೆ. ಬ್ಲಾಕ್‌ಗೆ ಮೂವರೂ ಒಟ್ಟಿಗೆ ಹಾರುವುದು, ಅವರ ಕೈಗಳ ನಡುವಿನ ಸಂದಿ, ಎರಡೂ ಅಲ್ಲಿಂದ ಕಾಣುತ್ತವೆ. ಅಪ್ಪನಿಗೆ ಅದು ಬೇಕಾಗುತ್ತದೆ.