ಸಹಾಯ ಬೇಕು: ಹೋಂ ನರ್ಸ್ ಸರಿಯಾಗಿ ನೋಡ್ಕೊಳ್ತಿದ್ದಾರಾ ಅಂತ ತಿಳಿಯೋದು ಹೇಗೆ?

ಶಿರಸಿ ಕಡೆಯವರು ಯಾರಾದ್ರೂ ಇದ್ದೀರಾ? ಆಯಿಗೆ ಪಾರ್ಶ್ವವಾಯು ಆಗಿ 3 ತಿಂಗಳು, ಮೂಗಿನ ನಳಿಕೆಯಲ್ಲೇ ಊಟ. ನಾನು ಬೆಂಗಳೂರಲ್ಲಿ, ಮನೇಲಿ ಅಪ್ಪಯ್ಯ ಒಬ್ರೇ. ಏಜೆನ್ಸಿಯಿಂದ ಹೋಂ ನರ್ಸ್ ಇಟ್ಟಿದ್ದೇವೆ, ಈಗಿನವಳು ನಾಲ್ಕನೆಯವಳು. ಫೋನ್ ಮಾಡಿದ್ರೆ 'ಎಲ್ಲಾ ಆರಾಮು'. ಅಪ್ಪಯ್ಯನೂ ಹಾಗೇ ಅಂತಾರೆ, ಅವರಿಗೆ ಹೊತ್ತಿಗೆ ಸರಿಯಾಗಿ ಚಾ ಸಿಕ್ಕಿದ್ರೆ ಸಾಕು.

ಕಳೆದ ವಾರ ಊರಿಗೆ ಹೋದಾಗ ಆಯಿಯ ಸೊಂಟದ ಕೆಳಗೆ ಕೆಂಪು ಕಲೆ. ಬೆರಳಿಂದ ಒತ್ತಿದ್ರೂ ಬಿಳಿಚಲಿಲ್ಲ. ಹಾಸಿಗೆ ಹುಣ್ಣಿನ ಮೊದಲ ಹಂತವೇ ಅದು. 2 ತಾಸಿಗೊಮ್ಮೆ ಮಗ್ಗುಲು ಬದಲಿಸಿ ಅಂತ ಡಾಕ್ಟರು ಮೊದಲೇ ಹೇಳಿದ್ರು. ನರ್ಸ್ ಬರೆದಿಡೋ ಪಟ್ಟಿಯಲ್ಲಿ ಮಗ್ಗುಲು ಬದಲಿಸಿದ್ದು ಬರೆದಿದ್ದೇನೋ ಇದೆ, ಆದರೆ ಇಡೀ ದಿನದ್ದು ಒಂದೇ ಸಲ ಕೂತು ಗೀಚಿದ ಹಾಗೆ! ಗಂಜಿ ಕೊಟ್ಟ ಕೂಡ್ಲೇ ಅಂಗಾತ ಮಲಗಿಸ್ತಿದ್ದಳು, ಅರ್ಧ ತಾಸಾದ್ರೂ ತಲೆ ಎತ್ತರಿಸಿ ಇಡ್ಬೇಕಲ್ವಾ?

ಕ್ಯಾಮೆರಾ ಇಡೋಕೆ ಮನಸ್ಸಿಲ್ಲ (ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಾದ್ರೂ ಎಲ್ಲಿರ್ತದೆ ಮಾರಾಯ್ರೆ). ದೂರದಲ್ಲಿದ್ದವರು ನೀವು ಏನೇನು ಕೇಳಿ ಪರೀಕ್ಷಿಸ್ತೀರಿ? ತರಬೇತಿ ಪ್ರಮಾಣಪತ್ರ ಕೇಳಿದ್ರೆ ಏಜೆನ್ಸಿಯವರು ಕೊಡ್ತಾರಾ? ಶಿರಸಿ, ಸಿದ್ದಾಪುರ ಸುತ್ತ ವಾರಕ್ಕೊಮ್ಮೆ ಬಂದು ನೋಡಿ ಹೋಗುವ ನಿವೃತ್ತ ನರ್ಸ್ ಯಾರಾದ್ರೂ ಗೊತ್ತಿದ್ರೆ ಇನ್‌ಬಾಕ್ಸ್ ಮಾಡಿ.