ಓದುಗರ ಸ್ಪಂದನ: ‘ಸ್ತೋತ್ರ ಎನ್ನಲು ನಾಲಿಗೆ ಏಳುತ್ತಿಲ್ಲ’

ಕಳೆದ ಸಂಚಿಕೆಯಲ್ಲಿ ಮಲೆನಾಡಿನ ಪೇಟೆಯೊಂದರ ಸಹೋದರಿ ತಮ್ಮ ಸಂಕಟ ಹೇಳಿಕೊಂಡಿದ್ದರು. ಲಾರಿ ಓಡಿಸುತ್ತಿದ್ದ ಗಂಡನಿಗೆ ಏಳು ವರ್ಷಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅಂದಿನಿಂದ ಅವರ ಸ್ನಾನ, ಊಟ, ಮಗ್ಗುಲು ಬದಲಿಸುವುದು ಎಲ್ಲವೂ ಇವರ ಪಾಲಿಗೆ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅತ್ತೆ ಪ್ರತಿಯೊಂದಕ್ಕೂ “ಸ್ತೋತ್ರ ಕರ್ತನೇ” ಎಂದು ದೇವರಿಗೆ ಕೃತಜ್ಞತೆ ಹೇಳುತ್ತಾರೆ. ಸೊಸೆಯೂ ಹೇಳಲಿ ಎಂದು ಕಾಯುತ್ತಾರೆ. ಈ ಡಿಸೆಂಬರ್ 31ರ ಕೃತಜ್ಞತಾ ಆರಾಧನೆಯಲ್ಲಿ ಸಾಕ್ಷಿ ಹೇಳಬೇಕೆಂದು, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಎದ್ದು ಹೇಳಬೇಕೆಂದು, ಸಭೆಯ ಅಯ್ಯನವರು (ಪಾಸ್ಟರ್) ಕೇಳಿದ್ದಾರೆ. “ಒಬ್ಬರು ಸೈಟು ಕೊಂಡದ್ದಕ್ಕೆ, ಇನ್ನೊಬ್ಬರು ಮಗನಿಗೆ ವೀಸಾ ಸಿಕ್ಕಿದ್ದಕ್ಕೆ ಸ್ತೋತ್ರ ಹೇಳಿ ಕೂತ ಮೇಲೆ ನಾನೆದ್ದು ಏನು ಹೇಳಲಿ? ಮನಸ್ಸಿಲ್ಲದ ಸ್ತೋತ್ರ ದೇವರಿಗೆ ಬೇಕೇ?” ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ನಂಬಿಕೆ ಸಾಲದು ಎಂದು ಗದರಿಸಿ ಬರೆದವರ ಪತ್ರಗಳನ್ನು ಬೇಕೆಂದೇ ಬಿಟ್ಟಿದ್ದೇವೆ.

* * *

ತಂಗಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜನರಿಂದ ಸಾಕ್ಷಿ ಹೇಳಿಸಿದವನು ನಾನು. ಹಾಗಾಗಿ ನಿನ್ನ ಪತ್ರ ನನಗೇ ಬರೆದದ್ದು ಎಂದುಕೊಂಡು ಓದಿದೆ.

ದೇವರಿಗೆ ಬೇಕೇ ಎಂದು ಕೇಳಿದ್ದೀಯ. ಬೇಡ. ಬೈಬಲಿನ 50ನೆಯ ಕೀರ್ತನೆಯಲ್ಲಿ ಆತನೇ ಅದನ್ನು ಹೇಳಿದ್ದಾನೆ: ಕಾಡಿನ ಮೃಗಗಳೆಲ್ಲ ನನ್ನವೇ, ನನಗೆ ಹಸಿವಾದರೂ ನಿನಗೆ ಹೇಳುವುದಿಲ್ಲ. ಹೀಗೆಂದು ಎರಡು ವಚನ ಮುಗಿಯುವುದರೊಳಗೆ ಸ್ತುತಿಯನ್ನೇ ಯಜ್ಞವಾಗಿ ಅರ್ಪಿಸು ಎನ್ನುತ್ತಾನೆ. ತನಗೆ ಬೇಡದ್ದನ್ನು ಆತನು ಕೇಳುವುದು ನಮ್ಮ ಸಲುವಾಗಿ. ಏಕೆಂದರೆ ನಮಗೆ ಮರೆವು ಹೆಚ್ಚು. ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯ ತೆಗೆದು ನೋಡು. ಅಲ್ಲಿ ಮೋಶೆಗೆ ಇರುವ ಭಯ ಹಸಿದವರ ಬಗ್ಗೆ ಅಲ್ಲ. ಹೊಟ್ಟೆ ತುಂಬ ಉಂಡು, ಒಳ್ಳೆಯ ಮನೆ ಕಟ್ಟಿಕೊಂಡು, ದನಕರು ಹೆಚ್ಚಿದ ಮೇಲೆ ಇದೆಲ್ಲ ನನ್ನ ಕೈಬಲದಿಂದಲೇ ಆಯಿತು ಅನ್ನುವವರ ಬಗ್ಗೆ. ಉಂಡ ಮನೆಯ ಗಳ ಎಣಿಸುವ ಬುದ್ಧಿ ಬರುವುದು ಉಂಡ ಮೇಲೆಯೇ ಅಲ್ಲವೇ? ದಿನನಿತ್ಯದ ಕೃತಜ್ಞತೆ ಮೊದಲು ಬೇಕಾದದ್ದು ನಿಮ್ಮ ಸಭೆಯ ಸೈಟಿನವರಿಗೆ, ವೀಸಾದವರಿಗೆ. ಅವರು ಎದ್ದು ಹೇಳುತ್ತಿರುವುದು ಒಳ್ಳೆಯದೇ, ಬೇಸರಿಸಬೇಡ.

ಇನ್ನು ನಿನ್ನ ವಿಚಾರ. ಅದೇ ಪುಸ್ತಕದ 26ನೆಯ ಅಧ್ಯಾಯದಲ್ಲಿ ರೈತನೊಬ್ಬ ಪ್ರಥಮಫಲದ ಪುಟ್ಟಿ ಹೊತ್ತು ಯಾಜಕನ ಮುಂದೆ ನಿಲ್ಲುತ್ತಾನೆ. ಅವನು ಏನು ಹೇಳಬೇಕೆಂದು ಅಲ್ಲಿ ಬರೆದಿದೆ. ಬೆಳೆ ಚೆನ್ನಾಗಿ ಬಂತು ಎಂದು ಶುರು ಮಾಡುವಂತಿಲ್ಲ. ನಮ್ಮ ಮೂಲಪುರುಷ ಗತಿಯಿಲ್ಲದೆ ಅಲೆಯುತ್ತಿದ್ದವನು, ಐಗುಪ್ತದವರು (ಈಜಿಪ್ಟಿನವರು) ನಮ್ಮನ್ನು ಹಿಂಸಿಸಿದರು, ಬಿಟ್ಟಿ ದುಡಿಸಿದರು, ನಾವು ಮೊರೆಯಿಟ್ಟೆವು ಎಂದು ಇಡೀ ಗೋಳನ್ನು ಹೇಳಿದ ಮೇಲೆಯೇ ಪುಟ್ಟಿಯ ಮಾತು. ಗೋಳು ಅಲ್ಲಿ ಕೃತಜ್ಞತೆಯ ಒಂದು ಭಾಗ. ನಮ್ಮ ಸಾಕ್ಷಿಗಳಲ್ಲಿ ಆ ಭಾಗವನ್ನು ನಾವು, ಅಂದರೆ ನನ್ನಂಥ ಅಯ್ಯನವರುಗಳು, ಕತ್ತರಿಸಿ ಹಾಕಿದ್ದೇವೆ.

ಇನ್ನೊಂದು ತಪ್ಪೊಪ್ಪಿಗೆ. “ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು” ಎಂಬ, ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಮಾತನ್ನು ಎಷ್ಟೋ ಸಮಾಧಿಗಳ ಬಳಿ ಓದಿದ್ದೇನೆ. ಅದು ಒಂದನೆಯ ಅಧ್ಯಾಯ. ಮೂರನೆಯ ಅಧ್ಯಾಯದಲ್ಲಿ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅದನ್ನು ಸಮಾಧಿಯ ಬಳಿ ಒಮ್ಮೆಯೂ ಓದಲಿಲ್ಲ. ಕೊನೆಗೆ ದೇವರು ಯಾರನ್ನು ಮೆಚ್ಚಿದನು? ನೀತಿ ಹೇಳಲು ಬಂದ ಸ್ನೇಹಿತರನ್ನಲ್ಲ, ಜಗಳವಾಡಿದ ಯೋಬನನ್ನು.

ಡಿಸೆಂಬರ್ 31ರಂದು ಎದ್ದು ನಿಂತು ಏಳು ವರ್ಷ ಹೇಗೆ ಕಳೆಯಿತೋ ಹಾಗೆಯೇ ಹೇಳು. ಕೊನೆಗೆ ಸ್ತೋತ್ರ ಎನ್ನಲು ಬಾಯಿ ಬಾರದಿದ್ದರೆ ಕೂತುಬಿಡು. ಆ ಒಂದು ಮಾತನ್ನು ಸಭೆ ನಿನ್ನ ಪರವಾಗಿ ಹೇಳಲಿ. ಸಭೆ ಇರುವುದು ಇನ್ನೇತಕ್ಕೆ?

– ಒಬ್ಬ ನಿವೃತ್ತ ಸಭಾಪಾಲಕ, ಧಾರವಾಡ

* * *

ನಾನು ಬರೆಯುತ್ತಿರುವುದು ಸಲಹೆ ಕೊಡಲು ಅಲ್ಲ. ನಮ್ಮ ಬೀದಿಯಲ್ಲೂ ನಿಮ್ಮಂಥದೇ ಒಂದು ಮನೆಯಿದೆ. ಸ್ತ್ರೀಯರ ಸಂಘದಿಂದ ನಾವು ನಾಲ್ಕು ಜನ ಹಣ್ಣು, ಬ್ರೆಡ್ಡು ತೆಗೆದುಕೊಂಡು ಹೋಗಿ ಕೀರ್ತನೆ ಓದಿ, ಹಾಡಿ, ಪ್ರಾರ್ಥಿಸಿ ಬಂದೆವು. ವಾಪಸು ಆಟೋದಲ್ಲಿ ಕೂತಾಗ ನನ್ನ ಬಾಯಿಂದ ಬಂದ ಮೊದಲ ಮಾತು: “ನಮ್ಮ ಮನೆಯವರು ಓಡಾಡಿಕೊಂಡಿದ್ದಾರಲ್ಲ, ಸ್ತೋತ್ರ.” ಉಳಿದ ಮೂವರೂ ಆಮೆನ್ ಎಂದರು.

ದೇವಾಲಯದಲ್ಲಿ ನಿಂತು “ದೇವರೇ, ನಾನು ಈ ಸುಂಕದವನ ಹಾಗಲ್ಲ, ನಿನಗೆ ಸ್ತೋತ್ರ” ಎಂದ, ತನ್ನ ಧರ್ಮನಿಷ್ಠೆಯ ಹೆಮ್ಮೆಯ ಫರಿಸಾಯನ ಬೈಬಲ್ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಹೇಳಿಕೊಡುವವಳೇ ನಾನು. ನಿಮ್ಮ ಪತ್ರ ಓದುವ ತನಕ ಆ ಆಟೋ ನೆನಪಾಗಿರಲಿಲ್ಲ. ಇನ್ನೊಬ್ಬರ ಹಾಸಿಗೆಯನ್ನು ನೋಡಿ ಹೇಳುವ ಸ್ತೋತ್ರಕ್ಕಿಂತ ನಿಮ್ಮ ಮೌನವೇ ಮೇಲು ಅನಿಸಿತು. ಆ ಮನೆಗೆ ಈಗ ಪ್ರತಿ ಗುರುವಾರ ಒಬ್ಬಳೇ ಹೋಗುತ್ತೇನೆ. ಕೀರ್ತನೆ ಓದುವುದಿಲ್ಲ, ಎರಡು ಗಂಟೆ ರೋಗಿಯ ಬಳಿ ಕೂತಿರುತ್ತೇನೆ, ನೋಡಿಕೊಳ್ಳುವ ಆ ತಾಯಿ ಅಷ್ಟು ಹೊತ್ತು ಮಲಗುತ್ತಾರೆ.

– ಒಬ್ಬ ಓದುಗಿ, ಗದಗ

* * *

ಅಕ್ಕ, ನಾನು ಶಿರ್ವದ ಕಡೆಯವಳು, ಕುವೈತಿನಲ್ಲಿ ನರ್ಸ್. ನೀವು ಪ್ರೊಟೆಸ್ಟಂಟರು, ನಾವು ಕಥೋಲಿಕರು. ನಮ್ಮಲ್ಲಿ ಎದ್ದು ಸಾಕ್ಷಿ ಹೇಳುವ ರೂಢಿ ಕಡಿಮೆ. ಆ ಕಷ್ಟ ನನಗೆ ಬಂದಿಲ್ಲ. ಆದರೆ ಮನಸ್ಸಿಲ್ಲದೆ ಹೇಳುವುದು ಎಂದಿರಲ್ಲ, ಅದು ಗೊತ್ತು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ, ಅಂದರೆ ಮರಿಯ ಮಾತೆಯ ಹುಟ್ಟುಹಬ್ಬಕ್ಕೆ, ಊರಿನಲ್ಲಿ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕುತ್ತಾರೆ. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ, ಮಕ್ಕಳಿಗೆ ಕಬ್ಬು. ಮನೆಗೆ ತಂದು ನಾಲ್ಕು ಕಾಳು ಸುಲಿದು ಪಾಯಸಕ್ಕೋ ತೆಂಗಿನ ಹಾಲಿಗೋ ಹಾಕಿ, ಎಲ್ಲರೂ ಕೂತು ಪ್ರಾರ್ಥಿಸಿ ಮೊದಲು ಅದನ್ನು ಬಾಯಿಗಿಡಬೇಕು. ಅವತ್ತು ಮೀನಿಲ್ಲ, ಮಾಂಸವಿಲ್ಲ. ಮನೆಯಲ್ಲಿ ಇಲ್ಲದವರ ಪಾಲಿನ ಕಾಳನ್ನು ಅಮ್ಮ ಕಾಗದದಲ್ಲಿ ಮಡಚಿ ಇಡುತ್ತಾರೆ. ಹಿಂದೆ ಮುಂಬಯಿಯ ಮಾಮನಿಗೆ ಅಂಚೆಯಲ್ಲಿ ಹೋಗುತ್ತಿತ್ತು, ಈಗ ರಜೆ ಮುಗಿಸಿ ಬರುವವರ ಕೈಯಲ್ಲಿ ನನಗೆ ಬರುತ್ತದೆ. ಒಮ್ಮೆ ನವೆಂಬರಿನಲ್ಲಿ ಬಂತು. ಗದ್ದೆ ಮಾರಿ ಹತ್ತು ವರ್ಷವಾಗಿದೆ, ಯಾರದೋ ಗದ್ದೆಯ ಕಾಳು. ರಾತ್ರಿ ಪಾಳಿ ಮುಗಿಸಿ ಬಂದು, ಅದನ್ನು ಪ್ಯಾಕೆಟ್ ಹಾಲಿಗೆ ಹಾಕಿ ಕುಡಿದು ಮಲಗಿದೆ. ಭಕ್ತಿ ಉಕ್ಕಲಿಲ್ಲ. ಕಾಳು ಗಂಟಲಿಗೆ ಚುಚ್ಚಿತು ಅಷ್ಟೇ. ಆದರೂ ಮರುವರ್ಷ ಬಾರದಿದ್ದರೆ ಅಮ್ಮನಿಗೆ ಫೋನ್ ಮಾಡಿ ಜಗಳ ಮಾಡುತ್ತೇನೆ ಎಂದು ನನಗೆ ಗೊತ್ತು.

ಈಗ ನರ್ಸಾಗಿ ಒಂದು ಮಾತು. ಲಕ್ವದಿಂದ ಮಾತು ಕಳೆದುಕೊಂಡವರಲ್ಲಿ ಕೆಲವರಿಗೆ, ಎಲ್ಲರಿಗೂ ಅಲ್ಲ, ಯೋಚಿಸಿ ಆಡುವ ಮಾತು ಹೋಗಿದ್ದರೂ ಬಾಯಿಪಾಠದ ಮಾತು ಉಳಿದಿರುತ್ತದೆ. ನೀರು ಬೇಕು ಎನ್ನಲಾಗದವರು ಒಂದು, ಎರಡು ಎಣಿಸುತ್ತಾರೆ, ಹಾಡಿನ ಸಾಲು ಹಾಡುತ್ತಾರೆ, ಚಿಕ್ಕಂದಿನ ಪ್ರಾರ್ಥನೆ ಹೇಳುತ್ತಾರೆ. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ತಮ್ಮ ಹೆಸರು ಹೇಳಲಾರದವರು, ನಾನು ಕೊಂಕಣಿಯಲ್ಲಿ ‘ನಮಾನ್ ಮರಿಯೆ’ ಎಂಬ ಮಾತೆಯ ಪ್ರಾರ್ಥನೆ ಎತ್ತಿದರೆ ಮುಂದಿನದನ್ನು ಕೊನೆಯ ತನಕ ಹೇಳಿ ಮುಗಿಸುತ್ತಿದ್ದರು. ಚಿಕ್ಕಂದಿನಿಂದ ಅದನ್ನು ಹೇಳಿದ ಸಾವಿರಾರು ಸಂಜೆಗಳಲ್ಲಿ ಎಷ್ಟು ಸಂಜೆ ಅವರು ಮನಸ್ಸಿಟ್ಟು ಹೇಳಿದ್ದರೋ! ನಿದ್ದೆಗಣ್ಣಿನಲ್ಲಿ, ಅಪ್ಪನ ಹೆದರಿಕೆಗೆ ಹೇಳಿದ್ದೇ ಹೆಚ್ಚಿರಬೇಕು. ಎಲ್ಲ ಹೋದ ಮೇಲೆ ಉಳಿದದ್ದು ಅದೇ. ನಿಮ್ಮ ಯಜಮಾನರ ಹಾಸಿಗೆಯ ಪಕ್ಕದಲ್ಲಿ ಒಂದು ಹಳೆಯ ಹಾಡು ಶುರು ಮಾಡಿ ನೋಡಿ. ನಿಮ್ಮೂರಿನ ಹತ್ತಿರ ಮಾತಿನ ಚಿಕಿತ್ಸೆ ಕೊಡುವವರಿದ್ದರೆ ಅವರನ್ನೂ ಕೇಳಿ.

ಕೊಂಕಣಿಯಲ್ಲಿ ಥ್ಯಾಂಕ್ಸ್‌ಗೆ ನಾವು ‘ದೇವ್ ಬರೆಂ ಕರುಂ’ ಎನ್ನುತ್ತೇವೆ, ದೇವರು ಒಳ್ಳೆಯದು ಮಾಡಲಿ ಎಂದು. ಗ್ಲಾಸ್ ನೀರು ಕೊಟ್ಟವನಿಗೂ ಅದೇ ಮಾತು. ಇಷ್ಟು ವರ್ಷದಲ್ಲಿ ನಿಮಗೆ ಆ ಮಾತನ್ನು ಯಾರಾದರೂ ಹೇಳಿದ್ದಾರೆಯೇ, ಅಕ್ಕ? ಇಲ್ಲದಿದ್ದರೆ ನಾನು ಹೇಳುತ್ತಿದ್ದೇನೆ.

– ಒಬ್ಬ ಶುಶ್ರೂಷಕಿ, ಕುವೈತ್

* * *

ಯಾಜಕಕಾಂಡದ ಏಳನೆಯ ಅಧ್ಯಾಯದಲ್ಲಿ ಕೃತಜ್ಞತೆಯ ಯಜ್ಞಕ್ಕೆ ಒಂದು ನಿಯಮವಿದೆ: ಅದರ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನ ತನಕ ಉಳಿಸಬಾರದು. ಒಂದು ಇಡೀ ಪಶು, ಜೊತೆಗೆ ರೊಟ್ಟಿಗಳು. ಒಂದು ಮನೆಯವರು ಎಷ್ಟು ತಿಂದಾರು? ನೆರೆಹೊರೆಯವರನ್ನು ಕರೆಯಲೇಬೇಕು. ಸ್ತೋತ್ರ ಸಲ್ಲಿಸಿದವನ ಮನೆಯಲ್ಲಿ ಊರು ಉಣ್ಣಲಿ ಎಂಬುದೇ ಆ ನಿಯಮದ ಗುಟ್ಟು ಎಂದು ನನ್ನ ಎಣಿಕೆ.

ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಒಂದು ತೆಂಗಿನಕಾಯಿ ಸಾವಿರ ರೂಪಾಯಿಗೆ ಹರಾಜಾಗುತ್ತದೆ, ಕೊಂಡವರು ಅದನ್ನೇ ಮತ್ತೆ ಕೊಡುತ್ತಾರೆ, ಮತ್ತೆ ಹರಾಜು. ಜನ ನಗುತ್ತಾರೆ, ಖುಷಿಯೇ. ಹೀಗೆ ಕೂಡಿದ ಹಣದಲ್ಲಿ ಈ ಸಹೋದರಿಯ ಮನೆಗೆ ಮೂರು ತಿಂಗಳ ಡಯಾಪರ್, ಒಂದು ಗಾಳಿ ಹಾಸಿಗೆ ಬರುತ್ತಿತ್ತು. ಸಾಕ್ಷಿ ಕೇಳುವ ಮೊದಲು ಆ ಸಭೆಯವರು ಏನು ಕೊಟ್ಟಿದ್ದಾರೆ ಎಂದು ಕೇಳಿ ಬರೆಯಿರಿ.

– ಒಬ್ಬ ಶಾಲಾ ಮಾಸ್ತರ, ಬೀದರ್

* * *

ಇದೇ ಕೆಲಸವನ್ನು ಒಂಬತ್ತು ವರ್ಷ ಮಾಡಿದವಳು ನಾನು, ನನ್ನ ತಾಯಿಗೆ. ನಿಮಗೆ ಬರುವ ಪತ್ರಗಳಲ್ಲಿ ವಚನಗಳು ತುಂಬಿರುತ್ತವೆ ಎಂದು ಗೊತ್ತು. ನಾನು ಬರೆಯುವುದು ನಿದ್ದೆಯ ಬಗ್ಗೆ. ನಿದ್ದೆಗೆಟ್ಟವರಿಗೆ ದೇವರೂ ಒಬ್ಬ ಕೆಲಸ ಹೇಳುವವನಂತೆಯೇ ಕಾಣುತ್ತಾನೆ. ಪ್ರವಾದಿ ಎಲೀಯನು ಮರುಭೂಮಿಯಲ್ಲಿ ನನಗೆ ಸಾವು ಕೊಡು ಎಂದಾಗ ದೇವದೂತನು ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟ, ರೊಟ್ಟಿ, ನೀರು ಕೊಟ್ಟ, ಇನ್ನೊಮ್ಮೆ ಮಲಗಲು ಬಿಟ್ಟ. ವಚನ ಬೇಡ ಅಂದವಳು ನಾನೇ ಒಂದು ತಂದುಬಿಟ್ಟೆ ನೋಡಿ.

ದಿನಕ್ಕೆ ಹತ್ತು ಕೃತಜ್ಞತೆ ಬರೆಯಿರಿ ಎಂದು ಒಬ್ಬರು ನನಗೆ ಡೈರಿ ಕೊಟ್ಟಿದ್ದರು. ಮೂರನೆಯ ದಿನವೇ ಬಿಟ್ಟೆ. ಅದೂ ಒಂದು ಹೋಂವರ್ಕ್ ಆಗಿತ್ತು. ಆಮೇಲೆ ಯಾವಾಗಲೋ ಒಂದು ರೂಢಿ ತಾನಾಗಿ ಬಂತು: ಬೆಡ್‌ಸೋರ್ (ಮಲಗಿದಲ್ಲೇ ಆಗುವ ಹುಣ್ಣು) ಇಲ್ಲ ಎಂದು ಬೆನ್ನು ನೋಡಿ ಖಾತ್ರಿಯಾದ ಬೆಳಿಗ್ಗೆ “ಅಪ್ಪಾ, ಇವತ್ತು ಇಲ್ಲ” ಎನ್ನುತ್ತಿದ್ದೆ. ಆ ಅಪ್ಪ ಯಾರು ಎಂದು ಕೇಳಿದ್ದರೆ ಹೇಳುತ್ತಿರಲಿಲ್ಲ. ಲಕ್ವಕ್ಕೆ ನಾನು ಯಾವತ್ತೂ ಸ್ತೋತ್ರ ಹೇಳಲಿಲ್ಲ, ಇವತ್ತಿಗೂ ಹೇಳುವುದಿಲ್ಲ. ಬೆನ್ನಿಗೆ ಹೇಳಿದೆ. ಪೌಲನು ಥೆಸಲೋನಿಕದವರಿಗೆ ಬರೆದದ್ದೂ ಎಲ್ಲದರಲ್ಲಿಯೂ ಕೃತಜ್ಞತೆ ಎಂದು. ಬೇರೆ ಕಡೆ ಎಲ್ಲದಕ್ಕಾಗಿ ಎಂದೂ ಬರೆದಿದ್ದಾನೆ ಎಂದು ನಮ್ಮ ಪಾಸ್ಟರ್ ತಕ್ಷಣ ತಿದ್ದಿದರು. ಇರಬಹುದು. ನನ್ನ ಕೈಲಿ ಆದದ್ದು ‘ಎಲ್ಲದರಲ್ಲಿ’ ಎಂಬುದು ಮಾತ್ರ.

ಸಾಕ್ಷಿ ಬೇಡ ಎಂದು ಹೇಳುವ ಹಕ್ಕು ನಿಮಗಿದೆ. ಅಯ್ಯನವರು ಒಳ್ಳೆಯವರಾದರೆ ಅರ್ಥ ಮಾಡಿಕೊಳ್ಳುತ್ತಾರೆ.

– ಒಬ್ಬ ಓದುಗಿ, ಮೈಸೂರು

* * *

ಎಲ್ಲರೂ ನಿನ್ನ ಕಡೆಯೇ ಬರೆಯುತ್ತಾರೆ ಮಗಳೇ, ಬರೆಯಲಿ, ಅದು ನ್ಯಾಯವೇ. ನನಗೆ 78 ವರ್ಷ. ಮಗನ ಹಾಸಿಗೆಯ ಪಕ್ಕ ನಾನೂ ಕೂತವಳು, ಆದ್ದರಿಂದ ನಿನ್ನ ಅತ್ತೆಯ ಕಡೆಯಿಂದ ಒಂದು ಮಾತು.

ಅವಳು ಪ್ರತಿಯೊಂದಕ್ಕೂ ಸ್ತೋತ್ರ ಎನ್ನುತ್ತಾಳೆ ಎಂದು ಬರೆದಿದ್ದೀಯ. ಗಂಜಿ ಇಳಿದರೆ ಸ್ತೋತ್ರ, ಜ್ವರ ಬಿಟ್ಟರೆ ಸ್ತೋತ್ರ. ನಾನೂ ಹಾಗೆಯೇ ಮಾಡುತ್ತಿದ್ದೆ. ಯಾಕೆಂದರೆ ಬಾಯಿ ನಿಲ್ಲಿಸಿದರೆ ಅಳು ಬರುತ್ತಿತ್ತು, ಸೊಸೆಯ ಮುಂದೆ ಅಳುವುದಕ್ಕೆ ನಾಚಿಕೆ. ಅವಳೂ ತನ್ನ ಸುಖಕ್ಕೆ ಹೇಳುತ್ತಿಲ್ಲ. ನೀನು ಜೊತೆಗೆ ಹೇಳಲಿ ಎಂದು ಕಾಯುವುದು ನಿನ್ನ ಭಕ್ತಿ ಅಳೆಯಲಿಕ್ಕೂ ಅಲ್ಲ. ಒಬ್ಬಳೇ ಹೇಳಿದರೆ ಅವಳಿಗೇ ಅದು ನಂಬಿಕೆಯಾಗುವುದಿಲ್ಲ. ನನಗೆ ಆಗುತ್ತಿರಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಒಂದು ದಿನ ಅವಳನ್ನು ಕೇಳು, ನಿನ್ನ ಯಜಮಾನರು ಚಿಕ್ಕವರಿದ್ದಾಗ ಊಟದ ಮುಂಚೆ ಏನು ಪ್ರಾರ್ಥನೆ ಹೇಳುತ್ತಿದ್ದರು ಎಂದು. ನನ್ನ ಮಗ ಕಣ್ಣು ಮುಚ್ಚಿದ ಹಾಗೆ ಮಾಡಿ ತಟ್ಟೆಯಿಂದ ಹಪ್ಪಳ ಕದಿಯುತ್ತಿದ್ದ.

– ಒಬ್ಬ ಅಜ್ಜಿ, ಚಿಕ್ಕಮಗಳೂರು