ರಾತ್ರಿ ಉಳಿದ ಅನ್ನ, ಸಾರು: ಈ ಬಿಸಿಲಲ್ಲಿ ಹೇಗೆ ಇಡುತ್ತೀರಿ?

ಕೇಳಿದವರು, ರಾಯಚೂರು: ಮನೆಯಲ್ಲಿ ನಾವಿಬ್ಬರೇ. ದಿನಾ ರಾತ್ರಿ ಅನ್ನ, ಬೇಳೆ ಸಾರು ಉಳಿಯುತ್ತದೆ. ಫ್ರಿಜ್ ಚಿಕ್ಕದು. ಬೆಳಿಗ್ಗೆ ಚಿತ್ರಾನ್ನ ಮಾಡಿದರೆ ಪರವಾಗಿಲ್ವಾ? ನಿಮ್ಮ ಅನುಭವ ಹೇಳಿ.

ಸಿಂಧನೂರು: ನನಗೆ ಆದದ್ದು ಯಾರಿಗೂ ಬೇಡ. ಹೋದ ಮೇ ತಿಂಗಳಲ್ಲಿ ರಾತ್ರಿಯ ಅನ್ನ ಕುಕ್ಕರಿನಲ್ಲೇ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಹಳಸಿದ ವಾಸನೆ ಇಲ್ಲ, ಅಂಟೂ ಇಲ್ಲ. ಒಗ್ಗರಣೆ ಹಾಕಿ ಬಿಸಿಬಿಸಿ ತಿಂದೆವು. ಎರಡು ಗಂಟೆಯೊಳಗೆ ಮಗನಿಗೆ ವಾಂತಿ, ಆಮೇಲೆ ನನಗೆ. ಡಾಕ್ಟರ್ ಫೀ 300, ಸಲೈನ್ 1,400, ಔಷಧಿ 620, ಆಟೋ 160. ಒಟ್ಟು 2,480 ರೂಪಾಯಿ, ಒಂದು ಪಾವು ಅಕ್ಕಿಯ ಅನ್ನಕ್ಕೆ! ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಬ್ಯಾಕ್ಟೀರಿಯಾ ಇರುತ್ತದಂತೆ. ಅನ್ನ ಬೆಂದರೂ ಅದರ ಬೀಜಾಣು ಸಾಯಲ್ಲ. ಹೊರಗಿಟ್ಟರೆ ಬೆಳೆದು ವಿಷ ಬಿಡುತ್ತದೆ. ಆ ವಿಷ ಎಷ್ಟು ಬಿಸಿ ಮಾಡಿದರೂ ಹೋಗಲ್ಲ.

ಗಂಗಾವತಿ: ಸುಮ್ನೆ ಹೆದರಿಸಬೇಡಿ. ನಲವತ್ತು ವರ್ಷದಿಂದ ತಂಗಳನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಳ್ಳಾಗಡ್ಡಿ ಜೊತೆ ತಿನ್ನುತ್ತಿದ್ದೇವೆ. ನಮ್ಮ ಅತ್ತೆಯವರು ಕೊನೆಯವರೆಗೂ ಗಟ್ಟಿಯಾಗಿದ್ದರು.

ಸಿಂಧನೂರು: ಅಕ್ಕಾ, ನೀರು ಹಾಕಿಟ್ಟರೆ ಅನ್ನ ಹುಳಿ ಬರುತ್ತದೆ, ಅದು ಬೇರೆ. ನಾನು ಒಣ ಅನ್ನದ ಮಾತು ಹೇಳಿದ್ದು. ಆಸ್ಪತ್ರೆಯಲ್ಲಿ ಮಗನ ತಲೆ ಹಿಡಿದು ಕೂತವಳು ನಾನು, ನೀವಲ್ಲ.

ಬಳ್ಳಾರಿ: ನನ್ನ ಪಾಡು ಕೇಳಿ. ಹಬ್ಬದ ಮಟನ್ ಸಾರು, ಸುಮಾರು ಐದು ಲೀಟರ್. ಹೊಗೆಯಾಡುತ್ತಿರುವಾಗಲೇ ದೊಡ್ಡ ಪಾತ್ರೆ ಸಮೇತ ಫ್ರಿಜ್‌ಗೆ ತಳ್ಳಿದೆ. ಬೆಳಿಗ್ಗೆ ನೋಡಿದರೆ ನಡುವೆ ಇನ್ನೂ ಬೆಚ್ಚಗೆ! ಸಾರು ಹೋಯಿತು, ಪಕ್ಕದಲ್ಲಿದ್ದ ಎರಡು ಲೀಟರ್ ಹಾಲೂ ಒಡೆಯಿತು. ಈಗ ಅನ್ನವನ್ನು ಪರಾತದಲ್ಲಿ ಹರಡಿ ಫ್ಯಾನ್ ಹಾಕುತ್ತೇನೆ. ಸಾರನ್ನು ಚಿಕ್ಕ ಡಬ್ಬಿಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿ ನಿಲ್ಲಿಸುತ್ತೇನೆ. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆಯೊಳಗೆ ಫ್ರಿಜ್ ಸೇರಬೇಕು. ನಮ್ಮಲ್ಲಿ ಬೇಸಿಗೆ ಅಂದರೆ 40 ತಾನೇ! ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ, ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಅನ್ನ, ಸಾರು, ಮಾಂಸ ಚೆಲ್ಲಿಬಿಡಿ.

ಕೊಪ್ಪಳ: ಅನ್ನವೇ ಯಾಕೆ? ಖಡಕ್ ಜೋಳದ ರೊಟ್ಟಿ ಮಾಡಿಟ್ಟರೆ ವಾರಗಟ್ಟಲೆ ಕೆಡಲ್ಲ. ಕಾಲುವೆ ನೀರು ಬಂದ ಮೇಲೆ ಎಲ್ಲರಿಗೂ ಅನ್ನದ ಚಟ ಹತ್ತಿತು.

ಗಂಗಾವತಿ: ಸೋನಾ ಮಸೂರಿ ಬೆಳೆದು ಹೊಟ್ಟೆ ಹೊರೆಯುವವರ ಮುಂದೆ ಈ ಮಾತಾ? ತುಂಗಭದ್ರಾ ನೀರಿನಿಂದಲೇ ನಮ್ಮ ಮಕ್ಕಳು ಓದಿದ್ದು. ರೊಟ್ಟಿ ಬಡಿಯುವವರು ನೀವಾ, ನಿಮ್ಮ ಮನೆಯ ಹೆಂಗಸರಾ?

ಕೊಪ್ಪಳ: ನಾನೇ ಬಡಿಯುತ್ತೇನೆ. ಹೆಂಡತಿ ತೀರಿ ಆರು ವರ್ಷವಾಯಿತು. ಒಬ್ಬನಿಗೆ ದಿನಾ ಒಲೆ ಹಚ್ಚಲು ಆಗಲ್ಲ, ಅದಕ್ಕೇ ರೊಟ್ಟಿ ಅಂದೆ.

ಗಂಗಾವತಿ: ತಪ್ಪಾಯಿತು ಅಣ್ಣಾ.

ಕೇಳಿದವರು, ರಾಯಚೂರು: ಬೇಳೆ ಸಾರು?

ಬಳ್ಳಾರಿ: ಒಂದು ಹೊತ್ತಿಗೆ ಬೇಕಾದಷ್ಟೇ ಹೊರಗೆ ತೆಗೆಯಿರಿ. ಬೆಚ್ಚಗೆ ಮಾಡಿದರೆ ಸಾಲದು, ಕೈಯಾಡಿಸುತ್ತಾ ಕಳಕಳ ಕುದಿಸಿ. ಕುದಿಸಿದ್ದು ಮತ್ತೆ ಫ್ರಿಜ್‌ಗೆ ಬೇಡ. ಹೊರಗೆ ರಾತ್ರಿ ಕಳೆದ ಸಾರು ಮಾತ್ರ ಕುದಿಸಿ ಉಳಿಸಲು ಹೋಗಬೇಡಿ.